ಐಸ್ ಹಾಕಿಗೆ ಹೊಸ ಪ್ರೇಕ್ಷಕರು ಬರಬೇಕಾದರೆ ಏನು ಮಾಡಬೇಕು?

ಮಿಸ್ಸಿಸಾಗ ಮೂರ್ತಿ
ಕೆನಡಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಐಸ್ ಹಾಕಿ ಎಂದರೆ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಉಳಿದವರು ಮಾತನಾಡುವಾಗ ನಾನು ಕಾಫಿ ಲೋಟ ಹಿಡಿದು ಸುಮ್ಮನೆ ತಲೆಯಾಡಿಸುವ ವಿಷಯವಾಗಿತ್ತು. ಕಳೆದ ವಾರ ಸಹೋದ್ಯೋಗಿಯೊಬ್ಬರಿಗೆ ಜ್ವರ ಬಂದು ಅವರ ಟಿಕೆಟ್ ನನ್ನ ಪಾಲಿಗೆ ಬಂತು. ಗಾಜಿನಿಂದ ಆರನೇ ಸಾಲು. ಮೊದಲ ಹತ್ತು ನಿಮಿಷ ತೆರೆದ ಬಾಯಿ ಮುಚ್ಚಲಿಲ್ಲ. ಟಿವಿಯಲ್ಲಿ ಇರುವೆಗಳಂತೆ ಓಡಾಡುವವರು ಅಲ್ಲಿ ಬಾಗಿಲಷ್ಟು ಅಗಲದ ಆಳುಗಳು. ಸ್ಕೇಟ್ ಮಂಜುಗಡ್ಡೆಯನ್ನು ಸೀಳುವ ಕರಕರ ಸದ್ದು, ಒಬ್ಬ ಇನ್ನೊಬ್ಬನನ್ನು ಗೋಡೆಗೆ ಅಪ್ಪಳಿಸಿದಾಗ ನಮ್ಮ ಕಾಲಿನಡಿಗೂ ಬರುವ ನಡುಕ, ಇವು ಯಾವ ಟಿವಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ ಇಷ್ಟೇ. ಇಷ್ಟು ಸೊಗಸಾದ ಆಟ ಅಮೆರಿಕದಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್‌ಗಳ ಹಿಂದೆ ನಾಲ್ಕನೆಯದಾಗಿ ಏಕೆ ನಿಂತಿದೆ? ಈ ಆಟದ ದೊಡ್ಡ ಲೀಗ್ ಎನ್‌ಎಚ್‌ಎಲ್ ಹುಟ್ಟಿದ್ದು 1917ರಲ್ಲಿ, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಗಿಂತ ಸುಮಾರು ಮೂವತ್ತು ವರ್ಷ ಹಿರಿದು. ನಮ್ಮಂಥ ವಲಸಿಗರ ಕಥೆ ಇನ್ನೂ ವಿಚಿತ್ರ. 2019ರಲ್ಲಿ ಟೊರಾಂಟೊದ ಬ್ಯಾಸ್ಕೆಟ್‌ಬಾಲ್ ತಂಡ ರ‍್ಯಾಪ್ಟರ್ಸ್ ಗೆದ್ದಾಗ ನಾವೆಲ್ಲ ಬೀದಿಗಿಳಿದು ಕುಣಿದೆವು, ಹಾಕಿ ಬಂದರೆ ವಾಹಿನಿ ಬದಲಿಸುತ್ತೇವೆ. ಆ ಲೀಗನ್ನು ನಿಮ್ಮ ಕೈಗೆ ಕೊಟ್ಟರೆ ಮೊದಲು ಏನು ಮಾಡುತ್ತೀರಿ?

ಡೊಂಕು ಸ್ಟಿಕ್
ಆ ಕರಿ ಬಿಲ್ಲೆ ಕಣ್ಣಿಗೆ ಕಾಣುವಂತೆ ಮಾಡುತ್ತೇನೆ.

ಹಳೆಯ ಅರಳಿಮರ
ಅದನ್ನೂ ಮಾಡಿ ಕೈ ಸುಟ್ಟುಕೊಂಡಿದ್ದಾರೆ ಸ್ವಾಮಿ. 1996ರಲ್ಲಿ ಫಾಕ್ಸ್ ವಾಹಿನಿಯವರು ಆ ಬಿಲ್ಲೆಯ, ಅಂದರೆ ಪಕ್‌ನ, ಹೊಟ್ಟೆಯೊಳಗೆ ಎಲೆಕ್ಟ್ರಾನಿಕ್ ಸಾಮಾನು ತುಂಬಿಸಿ, ಪರದೆಯ ಮೇಲೆ ಅದರ ಸುತ್ತ ನೀಲಿ ಪ್ರಭೆ ಹೊಳೆಯುವಂತೆ ಮಾಡಿದ್ದರು. ಗಂಟೆಗೆ 70 ಮೈಲಿ ವೇಗ ದಾಟಿದರೆ ಹಿಂದೆ ಕೆಂಪು ಬಾಲ! ನಾನು ಆಗ ತಾನೇ ಅಮೆರಿಕಕ್ಕೆ ಬಂದಿದ್ದೆ. ಟಿವಿ ಮುಂದೆ ಕೂತರೆ ದೀಪಾವಳಿಯಲ್ಲಿ ಪಕ್ಕದ ಮನೆಯವರು ಅಡ್ಡಲಾಗಿ ರಾಕೆಟ್ ಬಿಟ್ಟ ಹಾಗೆ ಕಾಣುತ್ತಿತ್ತು. ನನ್ನಂಥ ಅರಿಯದವರಿಗೆ ಖುಷಿಯಾಯಿತು, ಹಳೆಯ ಅಭಿಮಾನಿಗಳು ಉರಿದುಬಿದ್ದರು. 1998ಕ್ಕೆ ಅದರ ಕಥೆ ಮುಗಿಯಿತು.

ಪಕ್ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ತುಂಡು. ಅದನ್ನು ಹುಡುಕುತ್ತಾ ಕೂತರೆ ಆಟ ತಪ್ಪುತ್ತದೆ. ಆಟಗಾರರ ಭುಜ ಎತ್ತ ತಿರುಗುತ್ತದೆ ನೋಡಿ, ಪಕ್ ತಾನಾಗಿ ಸಿಗುತ್ತದೆ. ನನಗೆ ಇದು ತಿಳಿಯಲು ಎರಡು ಚಳಿಗಾಲ ಬೇಕಾಯಿತು.

ಡೊಂಕು ಸ್ಟಿಕ್
ಎರಡು ಚಳಿಗಾಲ ಕಾಯುವಷ್ಟು ತಾಳ್ಮೆ ಈಗ ಯಾರಿಗಿದೆ? ನನ್ನ ಮಗ ಎರಡು ನಿಮಿಷದ ವಿಡಿಯೊವನ್ನೂ ಓಡಿಸಿ ನೋಡುತ್ತಾನೆ.

ಫ್ರಿಸ್ಕೊ ಪದ್ಮಾ
ಟೆಕ್ಸಾಸ್‌ನಿಂದ ನಮಸ್ಕಾರ. ಹಿಮವನ್ನೇ ಸರಿಯಾಗಿ ಕಾಣದ ನಮ್ಮೂರಲ್ಲಿ ಐಸ್ ಹಾಕಿ ಹೇಗೆ ಬೇರು ಬಿಟ್ಟಿತು ಎಂದು ಹೇಳುತ್ತೇನೆ ಕೇಳಿ. ಡಲ್ಲಾಸ್ ಸ್ಟಾರ್ಸ್ ತಂಡ 1993ರಲ್ಲಿ ಮಿನ್ನೆಸೋಟಾದಿಂದ ಇಲ್ಲಿಗೆ ಬಂತು, 1999ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಅದಕ್ಕಿಂತ ಮುಖ್ಯವಾಗಿ, ಆ ತಂಡದವರು ಸುತ್ತಲಿನ ಬಡಾವಣೆಗಳಲ್ಲಿ ಮಕ್ಕಳು ಕಲಿಯುವ ರಿಂಕ್‌ಗಳನ್ನು, ಅಂದರೆ ಮಂಜುಗಡ್ಡೆಯ ಅಂಗಣಗಳನ್ನು, ನಡೆಸುತ್ತಾರೆ. ನಮ್ಮ ಫ್ರಿಸ್ಕೊದಲ್ಲೇ ಒಂದಿದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ನನ್ನ ಮಗಳು ಸ್ವೆಟರ್ ಹಾಕಿಕೊಂಡು ಬಿದ್ದು ಎದ್ದು ಸ್ಕೇಟಿಂಗ್ ಕಲಿತಳು. ಹಾಕಿ ಸ್ಟಿಕ್ ಹಿಡಿಯಲಿಲ್ಲ, ಆದರೆ ಈಗ ಪಂದ್ಯ ಬಂದರೆ ಟಿವಿಯ ರಿಮೋಟ್ ಅವಳ ಕೈಯಲ್ಲೇ. ಮಂಜುಗಡ್ಡೆಯ ಮೇಲೆ ಒಮ್ಮೆ ಬಿದ್ದವರಿಗೆ, ಅದರ ಮೇಲೆ ಅಷ್ಟು ವೇಗವಾಗಿ ಹಿಮ್ಮುಖವಾಗಿ ಓಡುವವನು ಎಂಥ ಮಾಯಗಾರ ಎಂಬುದು ಗೊತ್ತಾಗುತ್ತದೆ.

ಎರಡನೆಯದು ಟಿವಿ. 2024ರಿಂದ ನಮ್ಮ ತಂಡದ ಸ್ಥಳೀಯ ಪಂದ್ಯಗಳನ್ನು ವಿಕ್ಟರಿ ಪ್ಲಸ್ ಎಂಬ ಆ್ಯಪ್‌ನಲ್ಲಿ ಬಿಟ್ಟಿಯಾಗಿ ತೋರಿಸುತ್ತಿದ್ದಾರೆ. ಕೇಬಲ್ ಬೇಡ, ತಿಂಗಳ ಚಂದಾ ಬೇಡ. ನನ್ನ ಅತ್ತೆ ಬೆಂಗಳೂರಿನಿಂದ ಬಂದಾಗ ಮೂರು ತಿಂಗಳು ಅದನ್ನೇ ನೋಡಿದರು. ನಿಯಮ ಒಂದೂ ತಿಳಿಯದಿದ್ದರೂ ಗೋಲ್‌ಕೀಪರ್ ಮೇಲೆ ಅವರಿಗೆ ಬಲು ಕರುಣೆ.

ಸ್ಯಾನ್ ಹೋಸೆ ಸೀನ
ಪದ್ಮಾ ಅವರೇ, ನೀವು ಪುಣ್ಯವಂತರು. ನಾನು ಕಳೆದ ವರ್ಷ ಒಂದು ಆ್ಯಪ್‌ಗೆ ಚಂದಾ ಕಟ್ಟಿ, ಮನೆಗೆ ನಾಲ್ವರನ್ನು ಕರೆದು, ಮಂಡಕ್ಕಿ ಕಲಸಿಟ್ಟುಕೊಂಡು ಕೂತೆ. ಪರದೆಯ ಮೇಲೆ ಬಂದದ್ದು: ‘ಈ ಪಂದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’. ಅಂಗಣ ನನ್ನ ಮನೆಯಿಂದ ಇಪ್ಪತ್ತು ನಿಮಿಷದ ದಾರಿ! ಸಾವಿರ ಮೈಲಿ ದೂರದವನಿಗೆ ಕಾಣುತ್ತದೆ, ಊರಿನವನಿಗೆ ಕಾಣುವುದಿಲ್ಲ. ಬ್ಲ್ಯಾಕ್‌ಔಟ್ ಅಂತೆ. ಊರಿನ ಹಕ್ಕು ಬೇರೆ ವಾಹಿನಿಗೆ ಮಾರಿರುತ್ತಾರಂತೆ. ಬಾಗಿಲಿಗೆ ಬಂದ ನೆಂಟರನ್ನು ಹೊರಗೆ ನಿಲ್ಲಿಸಿ, ಯಾರೂ ಬರುವುದಿಲ್ಲವಲ್ಲ ಎಂದು ಗೋಳಾಡುವುದು ಯಾವ ನ್ಯಾಯ?

ಹಳೆಯ ಅರಳಿಮರ
ಸೀನ, ನಿಮ್ಮೂರಿಗೆ ಒಂದು ತಂಡ ಬಂದದ್ದೇ ಈ ಆಟದ ಮಹಾತಾರೆ ಗ್ರೆಟ್ಸ್ಕಿಯ ಪುಣ್ಯದಿಂದ ಎನ್ನಬಹುದು. 1988ರ ಆಗಸ್ಟ್ 9ರಂದು ಎಡ್ಮಂಟನ್‌ನವರು ಆತನನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟಾಗ ಕೆನಡಾದಲ್ಲಿ ಮನೆಯ ಹಿರಿಮಗನನ್ನು ಕಳೆದುಕೊಂಡಂಥ ಶೋಕ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾದವರೆಲ್ಲ ಅಂಗಣಕ್ಕೆ ಬರತೊಡಗಿದರು. ಮೂರೇ ವರ್ಷದಲ್ಲಿ, 1991ಕ್ಕೆ, ಸ್ಯಾನ್ ಹೋಸೆ ಶಾರ್ಕ್ಸ್. 1993ಕ್ಕೆ ಆನಹೈಮ್‌ಗೂ ಒಂದು ತಂಡ. ಒಬ್ಬ ತಾರೆ ಸಾಕು. ಈಗಿನ ಲೀಗ್‌ನವರು ತಾರೆಯರನ್ನು ಹೆಲ್ಮೆಟ್ಟಿನೊಳಗೇ ಬಚ್ಚಿಟ್ಟಿದ್ದಾರೆ. ಮೆಕ್‌ಡೇವಿಡ್ ಎದುರಿಗೆ ಬಂದರೆ ನಿಮ್ಮಲ್ಲಿ ಎಷ್ಟು ಜನ ಗುರುತಿಸುತ್ತೀರಿ?

ಡೊಂಕು ಸ್ಟಿಕ್
ಹಲ್ಲು ಎಣಿಸಿದರೆ ಹಾಕಿ ಆಟಗಾರನೋ ಅಲ್ಲವೋ ಗೊತ್ತಾಗುತ್ತದೆ.

ಕ್ಯಾಲ್ಗರಿ ಕೊಡವ
ಮೊದಲೇ ಒಂದು ಆಕ್ಷೇಪ. ನಮ್ಮ ಮನೆಯಲ್ಲಿ ‘ಹಾಕಿ’ ಎಂದರೆ ಹುಲ್ಲಿನ ಮೇಲಿನದು. ಇಲ್ಲಿನವರು ‘ಹಾಕಿ’ ಎಂದರೆ ಮಂಜಿನ ಮೇಲಿನದು, ನಮ್ಮದಕ್ಕೆ ‘ಫೀಲ್ಡ್’ ಎಂಬ ಬಾಲ. ಈ ಅವಮಾನವನ್ನು ನುಂಗಿಕೊಂಡೇ ಬರೆಯುತ್ತಿದ್ದೇನೆ.

ಅಭಿಮಾನಿಗಳನ್ನು ಬೆಳೆಸುವುದು ಹೇಗೆ ಎಂಬುದಕ್ಕೆ ಕೊಡಗಿಗೆ ಹೋಗಿ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕುಟುಂಬಗಳ ನಡುವಿನ ಹಾಕಿ ಉತ್ಸವ ಶುರುಮಾಡಿದರು. ಮೊದಲ ವರ್ಷ 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು, ಗಿನ್ನೆಸ್ ದಾಖಲೆ. ತಂಡವೆಂದರೆ ಒಕ್ಕ, ಅಂದರೆ ಇಡೀ ಮನೆತನ. ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ. ನಮ್ಮ ಚಿಕ್ಕಪ್ಪ ಅರವತ್ತು ದಾಟಿದ ಮೇಲೆ ಫುಲ್‌ಬ್ಯಾಕ್ ನಿಂತು, ಚೆಂಡು ಬಂದಾಗಲೆಲ್ಲ ಬೇಲಿಯಾಚೆ ಹೊಡೆದು, ಇಡೀ ಗ್ಯಾಲರಿಯ ಚಪ್ಪಾಳೆ ಗಿಟ್ಟಿಸಿದವರು. ಅಂಥ ಕಡೆ ಪ್ರೇಕ್ಷಕರನ್ನು ಯಾರೂ ಹುಡುಕಬೇಕಾಗಿಲ್ಲ, ಮೈದಾನದಲ್ಲಿರುವವನು ನಮ್ಮವನು.

ಕ್ಯಾಲ್ಗರಿಯಲ್ಲಿ ನಾನು ಕಂಡದ್ದು ಇದರ ತದ್ವಿರುದ್ಧ. ಮಗನನ್ನು ಹಾಕಿಗೆ ಸೇರಿಸೋಣ ಎಂದು ಹೋದೆ. ಸ್ಕೇಟ್ಸ್, ಹೆಲ್ಮೆಟ್, ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಕವಚ, ಕೈಗವಸು, ಸ್ಟಿಕ್, ಮೇಲೆ ರಿಂಕ್ ಶುಲ್ಕ. ಪಟ್ಟಿ ನೋಡಿ ಕುದುರೆ ಸವಾರಿ ಕಲಿಸುವುದೇ ಅಗ್ಗವಾದೀತು ಎನಿಸಿತು. ಅಭ್ಯಾಸದ ಹೊತ್ತು ಬೆಳಗಿನ ಐದೂಮುಕ್ಕಾಲು, ಹೊರಗೆ ಮೈನಸ್ ಇಪ್ಪತ್ತೆಂಟು. ಮಗನನ್ನು ಬ್ಯಾಡ್ಮಿಂಟನ್‌ಗೆ ಸೇರಿಸಿದೆ. ಆಡದ ಮಕ್ಕಳು ದೊಡ್ಡವರಾಗಿ ಟಿಕೆಟ್ ಕೊಳ್ಳುತ್ತಾರೆ ಎಂದು ಲೀಗ್ ಕಾದು ಕೂತಿದ್ದರೆ ಕಾದಿರಲಿ.

ಮಿಸ್ಸಿಸಾಗ ಮೂರ್ತಿ
ಟಿಕೆಟ್ ವಿಚಾರಕ್ಕೆ ಬಂದಿರಿ, ಒಳ್ಳೆಯದಾಯಿತು. ಬಿಟ್ಟಿ ಬಂದಿದ್ದರಿಂದ ನಾನು ಹೋದೆ. ಅದೇ ಸಾಲಿನಲ್ಲಿ ನಾಲ್ವರ ಸಂಸಾರಕ್ಕೆ ಎಷ್ಟಾಗುತ್ತದೆ ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. ಹೆಂಡತಿ ಕೇಳಿದಳು, ‘ಇದರಲ್ಲಿ ಊರಿಗೆ ಒಂದು ಕಡೆಯ ವಿಮಾನ ಟಿಕೆಟ್ ಬರುವುದಿಲ್ಲವೇ?’

ನಾಲ್ಕನೇ ಕ್ರಾಸ್
ಬೆಂಗಳೂರಿನಿಂದ. ನಾನು ಭಾರತದಲ್ಲಿ ಎನ್‌ಎಚ್‌ಎಲ್ ನೋಡುವ ಆ ಮೂರೂವರೆ ಜನರಲ್ಲಿ ಒಬ್ಬ. ಅಲ್ಲಿನ ಸಂಜೆ ಏಳರ ಪಂದ್ಯ ಚಳಿಗಾಲದಲ್ಲಿ ಇಲ್ಲಿ ಬೆಳಿಗ್ಗೆ ಐದೂವರೆಗೆ. ಹಾಲಿನವನೂ ನಾನೂ ಒಟ್ಟಿಗೆ ಏಳುತ್ತೇವೆ. ಎರಡು ಅವಧಿ ಮುಗಿಯುವಷ್ಟರಲ್ಲಿ ಸ್ನಾನ, ಮೂರನೆಯದು ಮೆಟ್ರೊದಲ್ಲಿ ಮೊಬೈಲಿನ ಮೇಲೆ.

ಆಟ ಕಷ್ಟ ಎನ್ನುವವರಿಗೆ ಒಂದು ಮಾತು. ಕಬಡ್ಡಿಯನ್ನು ಟಿವಿಯಲ್ಲಿ ಯಾರು ನೋಡುತ್ತಾರೆ ಎಂದು 2014ಕ್ಕೆ ಮೊದಲು ನಗುತ್ತಿದ್ದೆವು. ಮ್ಯಾಟ್, ದೀಪ, ಮೂವತ್ತು ಸೆಕೆಂಡಿನ ಗಡಿಯಾರ, ‘ಮಾಡು ಇಲ್ಲವೇ ಮಡಿ’ ರೈಡ್, ಕನ್ನಡದಲ್ಲಿ ವೀಕ್ಷಕ ವಿವರಣೆ ಬಂದವು. ಈಗ ನಮ್ಮ ಅಜ್ಜಿಗೆ ಬೋನಸ್ ಗೆರೆ ಗೊತ್ತು. ಮಣ್ಣಿನ ಆಟ ಹಾಳಾಯಿತು ಎಂದವರೂ ಇದ್ದರು, ಅವರೂ ಈಗ ಬುಲ್ಸ್ ಪಂದ್ಯ ತಪ್ಪಿಸುವುದಿಲ್ಲ.

ಬ್ರಾಂಪ್ಟನ್ ಬಸವ
ಭಾಷೆಯ ಮಾತು ಬಂತಲ್ಲ! ಇಲ್ಲಿ 2008ರಿಂದ ಪಂಜಾಬಿಯಲ್ಲಿ ‘ಹಾಕಿ ನೈಟ್’ ಪ್ರಸಾರವಿದೆ. ನಮ್ಮ ಬೀದಿಯ ಸರದಾರಜಿ ಒಬ್ಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಶನಿವಾರ ರಾತ್ರಿ ಮೂರು ತಲೆಮಾರು ಒಂದೇ ಸೋಫಾದಲ್ಲಿ. 2016ರ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲು ಹೊಡೆದಾಗ ಹರನಾರಾಯಣ ಸಿಂಗ್ ‘ಬೊನಿನೊ ಬೊನಿನೊ ಬೊನಿನೊ’ ಎಂದು ಕೂಗಿದ್ದು ಕಾಳ್ಗಿಚ್ಚಿನಂತೆ ಹರಡಿತು. ಕಪ್ ಗೆದ್ದ ತಂಡದವರು ಆ ಪಂಜಾಬಿ ವಿವರಣೆಕಾರರನ್ನೇ ಪಿಟ್ಸ್‌ಬರ್ಗಿಗೆ ವಿಜಯೋತ್ಸವಕ್ಕೆ ಕರೆಸಿಕೊಂಡರು. ಜಾಹೀರಾತಿಗೆ ಕೋಟಿಗಟ್ಟಲೆ ಸುರಿದರೂ ಇಂಥದ್ದು ಸಿಗುತ್ತದೆಯೇ?

ಡೊಂಕು ಸ್ಟಿಕ್
ಕನ್ನಡದಲ್ಲಿ ಮಾಡಿದರೆ ‘ಐಸಿಂಗ್’ಗೆ ಏನು ಹೇಳುತ್ತೀರಿ? ಕೇಕಿನ ಮೇಲಿನದು ಎಂದುಕೊಂಡಾರು.

ನಾಲ್ಕನೇ ಕ್ರಾಸ್
ಒತ್ತಡ ತಾಳಲಾರದೆ ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲು ಗೆರೆಯಾಚೆಗೆ ಬೀಸಿ ಎಸೆಯುವುದು. ‘ಕೈತೊಳೆದುಕೊಂಡ’ ಎಂದರೆ ಸಾಕು.

ಬ್ರಾಂಪ್ಟನ್ ಬಸವ
ಪಕ್‌ಗೆ ‘ಬಿಲ್ಲೆ’ ಸರಿಯಾಗಿದೆ, ಕುಂಟೆಬಿಲ್ಲೆ ಆಡಿದವರಿಗೆಲ್ಲ ಹಿಡಿಸುತ್ತದೆ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರುವ ಪೆಟ್ಟಿಗೆಗೆ ‘ಮೇಷ್ಟ್ರ ಬೆಂಚು’. ಆಗ ಎದುರಾಳಿಗಳಿಗೆ ಒಬ್ಬ ಹೆಚ್ಚಾಗಿ ಸಿಗುವ ‘ಪವರ್ ಪ್ಲೇ’ ಹಾಗೇ ಇರಲಿ, ಕ್ರಿಕೆಟ್ಟಿನಿಂದ ಎಲ್ಲರಿಗೂ ಗೊತ್ತು.

ಹಳೆಯ ಅರಳಿಮರ
ತಿದ್ದುಪಡಿ: ಆ ಪದ ಕ್ರಿಕೆಟ್ಟಿಗೆ ಬರುವ ಎಷ್ಟೋ ಮೊದಲಿನಿಂದ ಐಸ್ ಹಾಕಿಯಲ್ಲಿದೆ. ನಾವೇ ಸಾಲ ತಂದು ನಮ್ಮದೆನ್ನುತ್ತಿದ್ದೇವೆ.

ಒಟ್ಟಾವ ಓದುಗಿ
ಇಷ್ಟು ಜನ ಮಾತನಾಡಿದಿರಿ, ಮಹಿಳಾ ಲೀಗ್ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. 2024ರ ಜನವರಿಯಲ್ಲಿ ಆರು ತಂಡಗಳೊಂದಿಗೆ ಪಿಡಬ್ಲ್ಯುಎಚ್‌ಎಲ್ ಶುರುವಾಯಿತು. ಅದೇ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಪಂದ್ಯಕ್ಕೆ 21,105 ಪ್ರೇಕ್ಷಕರು. 2025-26ಕ್ಕೆ ಸಿಯಾಟಲ್, ವ್ಯಾಂಕೂವರ್ ಸೇರಿ ಎಂಟು ತಂಡಗಳಾದವು. ‘ಹೊಸ ಪ್ರೇಕ್ಷಕರು ಎಲ್ಲಿ’ ಎಂದು ಹುಡುಕುವವರು ಅಲ್ಲಿಗೆ ಬಂದು ಯಾರು ಕೂತಿದ್ದಾರೆ ನೋಡಲಿ. ಪುಟ್ಟ ಹುಡುಗಿಯರು, ಅವರ ಅಮ್ಮಂದಿರು, ಅಜ್ಜಂದಿರು. ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಟಿಕೆಟ್ಟಿಗಾಗಿ ಒಡವೆ ಅಡವಿಡಬೇಕಾಗಿಲ್ಲ.

ಅಲ್ಲಿನ ಒಂದು ನಿಯಮ ನನಗೆ ಬಲು ಇಷ್ಟ. ಶಿಕ್ಷೆಯಲ್ಲಿರುವ, ಒಬ್ಬಳು ಕಡಿಮೆ ಇರುವ ತಂಡ ಗೋಲು ಹೊಡೆದರೆ ಪೆಟ್ಟಿಗೆಯಲ್ಲಿ ಕೂತವಳಿಗೆ ಆ ಕ್ಷಣವೇ ಬಿಡುಗಡೆ. ‘ಜೈಲ್‌ಬ್ರೇಕ್’ ಎನ್ನುತ್ತಾರೆ. ಹೊಸ ಲೀಗಿಗೆ ಹೀಗೆ ಯೋಚಿಸುವ ಧೈರ್ಯವಿದೆ. ನೂರು ದಾಟಿದ ಲೀಗು ಒಂದು ಗೆರೆ ಸರಿಸಲೂ ಹತ್ತು ವರ್ಷ ಸಭೆ ಮಾಡುತ್ತದೆ. ಜೊತೆಗೆ, ಅಲ್ಲಿ ಮುಷ್ಟಿಕಾಳಗಕ್ಕೆ ಅವಕಾಶವಿಲ್ಲ.

ಸ್ಯಾನ್ ಹೋಸೆ ಸೀನ
ಮೇಡಂ, ಹೊಡೆದಾಟ ತೆಗೆದರೆ ಇರುವ ಜನವೂ ಎದ್ದು ಹೋಗುತ್ತಾರೆ. 2025ರ ಫೆಬ್ರುವರಿಯಲ್ಲಿ ನಾಲ್ಕು ರಾಷ್ಟ್ರಗಳ ಟೂರ್ನಿಯ ಕೆನಡಾ-ಅಮೆರಿಕ ಪಂದ್ಯದ ಮೊದಲ ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ. ಹಾಕಿ ಎಂದರೆ ಏನೆಂದು ತಿಳಿಯದ ನನ್ನ ಬಾವಮೈದ ಹುಬ್ಬಳ್ಳಿಯಿಂದ ಆ ವಿಡಿಯೊ ಕಳಿಸಿದ್ದ.

ಒಟ್ಟಾವ ಓದುಗಿ
ವಿಡಿಯೊ ಕಳಿಸಿದ. ಆಮೇಲೆ ಒಂದಾದರೂ ಪಂದ್ಯ ನೋಡಿದನೇ?

ಸ್ಯಾನ್ ಹೋಸೆ ಸೀನ
ಇಲ್ಲ.

ಒಟ್ಟಾವ ಓದುಗಿ
ಆಯಿತಲ್ಲ. ಬೀದಿಯಲ್ಲಿ ಜಗಳವಾದರೆ ಜನ ಸೇರುತ್ತಾರೆ, ಸಂಸಾರ ಸಮೇತ ಬಂದು ಚಂದಾ ಕಟ್ಟುವುದಿಲ್ಲ.

ಹಳೆಯ ಅರಳಿಮರ
ಇಬ್ಬರಿಗೂ ಅರ್ಧರ್ಧ ಅಂಕ. ಅದೇ ನಾಲ್ಕು ರಾಷ್ಟ್ರಗಳ ಟೂರ್ನಿಯ ಫೈನಲ್ ಬೋಸ್ಟನ್‌ನಲ್ಲಿ ನಡೆಯಿತು. ಹೆಚ್ಚುವರಿ ಅವಧಿಯಲ್ಲಿ ಮೆಕ್‌ಡೇವಿಡ್ ಹೊಡೆದ ಗೋಲಿನಿಂದ ಕೆನಡಾ 3-2ರಿಂದ ಗೆದ್ದಿತು. ಅಂದು ಮುಷ್ಟಿಯನ್ನು ಯಾರೂ ನೆನೆಯಲಿಲ್ಲ, ದೇಶದ ಅಂಗಿ ತೊಟ್ಟು ಪ್ರಾಣ ಬಿಟ್ಟು ಆಡಿದ್ದನ್ನು ನೆನೆದರು. ಹೊರಗಿನವರಿಗೆ ಆಟ ಹತ್ತಿರವಾಗುವುದು ಹೀಗೆ. ಆದರೆ ಲೀಗು ತನ್ನ ಆಟಗಾರರನ್ನು 2018 ಮತ್ತು 2022ರ ಒಲಿಂಪಿಕ್ಸ್‌ಗೆ ಕಳಿಸಲೇ ಇಲ್ಲ. 2004-05ರಲ್ಲಂತೂ ಮಾಲೀಕರು, ಆಟಗಾರರು ಹಣಕ್ಕಾಗಿ ಕಿತ್ತಾಡಿ ಇಡೀ ಋತುವನ್ನೇ ರದ್ದು ಮಾಡಿದರು. ಹೊಸಬರನ್ನು ಕರೆಯುವ ಮೊದಲು ಇರುವವರನ್ನು ಓಡಿಸುವುದು ನಿಲ್ಲಿಸಲಿ.

ಮನ್‌ಹೈಮ್ ಮಲೆನಾಡಿಗ
ಉತ್ತರ ಅಮೆರಿಕ ಬಿಟ್ಟು ಜರ್ಮನಿಗೂ ಒಮ್ಮೆ ಬನ್ನಿ. ಇಲ್ಲಿ ನಮ್ಮ ತಂಡ ಆಡ್ಲರ್ ಮನ್‌ಹೈಮ್, ಅಂಗಣ ಎಸ್‌ಎಪಿ ಅರೀನಾ. ಸೀನ ಅವರ ಸ್ಯಾನ್ ಹೋಸೆಯ ಅಂಗಣಕ್ಕೂ ಅದೇ ಕಂಪನಿಯ ಹೆಸರು, ನನ್ನಂಥ ಎಷ್ಟೋ ಬೆಂಗಳೂರಿಗರ ಅನ್ನವೂ ಅದೇ ತಂತ್ರಾಂಶದಿಂದ. ಸಂಕೇತಿಗಳ ಮದುವೆಯಲ್ಲಿ ಎಲ್ಲರೂ ನೆಂಟರಾಗುವ ಹಾಗೆ.

ಇಲ್ಲಿ ಗೋಲಿನ ಹಿಂದೆ ನಿಂತು ನೋಡುವ ಜಾಗವಿದೆ, ಅಗ್ಗ. ಡೋಲು, ಧ್ವಜ, ಅರವತ್ತು ನಿಮಿಷ ನಿಲ್ಲದ ಹಾಡು. ಅಮೆರಿಕದಲ್ಲಿ ಕಂಡ ಪಂದ್ಯದಲ್ಲಿ ದೊಡ್ಡ ಪರದೆ ‘ಕೂಗಿ’ ಎಂದಾಗ ಜನ ಕೂಗುತ್ತಿದ್ದರು. ನನಗೆ ನಗು ಬಂತು. ಎರಡನೆಯದಾಗಿ, ಇಲ್ಲಿ ಕೊನೆಗೆ ಬಿದ್ದವರು ಕೆಳಗಿನ ಲೀಗಿಗೆ ಇಳಿಯಬೇಕಾಗಬಹುದು, ಹಾಗಾಗಿ ಮಾರ್ಚ್‌ನಲ್ಲಿ ಕೆಳಗಿನ ತಂಡಗಳ ಪಂದ್ಯಕ್ಕೂ ಉಸಿರು ಬಿಗಿಹಿಡಿದು ಕೂರುತ್ತೇವೆ. ಎನ್‌ಎಚ್‌ಎಲ್‌ನಲ್ಲಿ ಸೋತು ಸುಣ್ಣವಾದವರಿಗೆ ಮುಂದಿನ ವರ್ಷ ಒಳ್ಳೆಯ ಹುಡುಗನನ್ನು ಆರಿಸಿಕೊಳ್ಳುವ ಅವಕಾಶ ಹೆಚ್ಚು. ನಪಾಸಾದವನಿಗೆ ಸೈಕಲ್ ಕೊಡಿಸಿದ ಹಾಗೆ.

ನಾಲ್ಕನೇ ಕ್ರಾಸ್
ಹೊಸ ತಂಡ ಸೇರಲು ಲಾಸ್ ವೇಗಸ್‌ನವರು 50 ಕೋಟಿ ಡಾಲರ್, ಸಿಯಾಟಲ್‌ನವರು 65 ಕೋಟಿ ಡಾಲರ್ ಕಟ್ಟಿದ್ದಾರೆ. ಅಷ್ಟು ಸುರಿದವನು ಕೆಳಗಿನ ಲೀಗಿಗೆ ಇಳಿಯಲು ಒಪ್ಪುತ್ತಾನೆಯೇ? ಅದು ಆಗದ ಮಾತು. ಆದರೆ ವೇಗಸ್ ನೋಡಿ, ಮರಳುಗಾಡು. 2017ರಲ್ಲಿ ಶುರು, ಮೊದಲ ವರ್ಷವೇ ಫೈನಲ್, 2023ರಲ್ಲಿ ಕಪ್. ಗೆದ್ದರೆ ಜನ ಬರುತ್ತಾರೆ.

ಕ್ಯಾಲ್ಗರಿ ಕೊಡವ
ಗೆದ್ದರೆ ಮಾತ್ರ ಬರುವವರು ಅಭಿಮಾನಿಗಳಲ್ಲ, ನೆಂಟರು. ಟೊರಾಂಟೊದವರನ್ನು ನೋಡಿ, 1967ರಿಂದ ಕಪ್ ಇಲ್ಲ, ಆದರೂ ಅಂಗಣ ತುಂಬಿರುತ್ತದೆ. ಅಟ್ಲಾಂಟಾ ಎರಡು ಸಲ ತಂಡ ಕಳೆದುಕೊಂಡಿತು. 1980ರಲ್ಲಿ ಕಳೆದುಕೊಂಡದ್ದು ನಮ್ಮೂರಿಗೇ ಬಂತು, ಅದಕ್ಕೆ ನಾನು ಋಣಿ. 2011ರಲ್ಲಿ ಇನ್ನೊಂದು ವಿನಿಪೆಗ್‌ಗೆ ಹೋಯಿತು.

ಫ್ರಿಸ್ಕೊ ಪದ್ಮಾ
ಅಟ್ಲಾಂಟಾ ಮಾತ್ರ ಹೇಳಬೇಡಿ. ಟೊರಾಂಟೊದ ದೊಡ್ಡ ತಾರೆ ಆಸ್ಟನ್ ಮ್ಯಾಥ್ಯೂಸ್ ಬೆಳೆದದ್ದು ಅರಿಜೋನಾದಲ್ಲಿ. 1996ರಲ್ಲಿ ಅಲ್ಲಿಗೆ ತಂಡ ಹೋಗದಿದ್ದರೆ ಆ ಹುಡುಗ ಬೇಸ್‌ಬಾಲ್ ಆಡಿಕೊಂಡಿರುತ್ತಿದ್ದ. 2024ರಲ್ಲಿ ಆ ತಂಡ ಯೂಟಾಕ್ಕೆ ಹೋಯಿತು ನಿಜ. ಬಿತ್ತಿದ್ದು ಬೇರೆಯವರ ಹೊಲದಲ್ಲಿ ಬೆಳೆದರೂ ಬೆಳೆ ಬೆಳೆಯೇ.

ಬ್ರಾಂಪ್ಟನ್ ಬಸವ
ಟೊರಾಂಟೊ ಅಭಿಮಾನಿಗಳನ್ನು ಆಡಿಕೊಳ್ಳಬೇಡಿ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ಮದೇ’ ಎಂದವರಿಗೆ ಅವರ ಕಷ್ಟ ಗೊತ್ತು. 2025ರ ಮೇ ತಿಂಗಳಲ್ಲಿ ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯದಲ್ಲಿ ಫ್ಲಾರಿಡಾದ ಕೈಯಲ್ಲಿ 6-1ರಿಂದ ಸೋತಾಗ ಸಹೋದ್ಯೋಗಿಗಳ ಮುಖ ನೋಡಲಾಗಲಿಲ್ಲ. ಎರಡೇ ವಾರದ ನಂತರ ಜೂನ್ 3ಕ್ಕೆ ನಮ್ಮ ಆರ್‌ಸಿಬಿ ಗೆದ್ದಿತು. ಕಚೇರಿಗೆ ಮೈಸೂರುಪಾಕು ಒಯ್ದೆ. ಒಬ್ಬ ಬಿಳಿಯ ಮುದುಕ ಒಂದು ತುಂಡು ತಿಂದು, ‘ಹಾಗಾದರೆ ನಮಗೂ ಆಸೆಯಿದೆ’ ಎಂದ. ಆ ದಿನದಿಂದ ನಾನು ಹಾಕಿ ಅಭಿಮಾನಿ.

ಡೊಂಕು ಸ್ಟಿಕ್
ಮೈಸೂರುಪಾಕು ಅಲ್ಲಿ ಎಲ್ಲಿ ಸಿಗುತ್ತದೆ? ತುಪ್ಪದ್ದೋ, ಗಟ್ಟಿಯದ್ದೋ?

ಬ್ರಾಂಪ್ಟನ್ ಬಸವ
ಮನೆಯಲ್ಲೇ ಮಾಡಿದ್ದು. ಗಟ್ಟಿಯದ್ದು. ಪಕ್ಕಿನ ಬದಲು ಬಳಸಬಹುದಿತ್ತು ಎಂದು ಹೆಂಡತಿಯ ಎದುರು ಹೇಳಲಾರೆ.

ಮೇಲ್ವಿಚಾರಕ
ಸಿಹಿತಿಂಡಿಗೆ ಪ್ರತ್ಯೇಕ ಎಳೆ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ನಾಲ್ಕನೇ ಕ್ರಾಸ್
ಬಂದೆ. ನಮ್ಮ ದೇಶದ್ದೂ ಒಂದು ಮಾತು. 2025ರಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಲಡಾಖಿನಲ್ಲಿ ಕೆರೆ ಹೆಪ್ಪುಗಟ್ಟಿದರೆ ಅಭ್ಯಾಸ, ಕರಗಿದರೆ ರಜೆ ಎಂಬ ಸ್ಥಿತಿಯಿಂದ ಬಂದ ಹುಡುಗಿಯರು. ಲೀಗಿನವರು ಅಲ್ಲಿಗೆ ಹಳೆಯ ಸ್ಕೇಟುಗಳನ್ನು ಕಳಿಸಿದರೂ ಸಾಕು, ನನ್ನಂಥವರು ಮೂರೂವರೆಯಿಂದ ಮೂವತ್ತಾಗುತ್ತೇವೆ.

ಮಿಸ್ಸಿಸಾಗ ಮೂರ್ತಿ
ಎಲ್ಲರಿಗೂ ವಂದನೆಗಳು. ಓದುಗಿ ಅವರ ಮಾತು ಕೇಳಿ ಭಾನುವಾರ ಮಗನನ್ನೂ ಮಗಳನ್ನೂ ಟೊರಾಂಟೊದ ಮಹಿಳಾ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋದೆ. ಅರಳಿಮರದವರು ಹೇಳಿದ ಹಾಗೆ ಭುಜ ನೋಡಿ ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಮಗ ಮೊದಲ ಅವಧಿಯಿಡೀ ಮೊಬೈಲ್ ನೋಡಿದ. ಬಿಡುವಿನಲ್ಲಿ ಮಂಜುಗಡ್ಡೆಯನ್ನು ಒರೆಸಿ ನುಣುಪು ಮಾಡುವ ಜಾಂಬೋನಿ ಗಾಡಿ ಬಂತು, ಆಗ ತಲೆ ಎತ್ತಿದ. ಮತ್ತೆ ತಗ್ಗಿಸಲಿಲ್ಲ. ಮಗಳು ಮಾತ್ರ ಮೊದಲಿನಿಂದಲೂ ಗೋಲ್‌ಕೀಪರ್ ಒಬ್ಬಳನ್ನೇ ನೋಡುತ್ತಿದ್ದಳು. ಬರುವಾಗ ಕಾರಿನಲ್ಲಿ ಕೇಳಿದಳು, ‘ಅಪ್ಪ, ಅವಳು ಕಾಲಿಗೆ ಕಟ್ಟಿಕೊಂಡಿದ್ದಳಲ್ಲ, ಆ ದಿಂಬಿಗೆ ಎಷ್ಟಾಗುತ್ತದೆ?’

ಕ್ಯಾಲ್ಗರಿಯವರೇ, ಹಳೆಯ ಸಾಮಾನು ಸಿಗುವ ಅಂಗಡಿ ಯಾವುದಾದರೂ ಗೊತ್ತೇ?

ಕ್ಯಾಲ್ಗರಿ ಕೊಡವ
ಗೋಲ್‌ಕೀಪರ್ ಸಾಮಾನು ಉಳಿದವರಿಗಿಂತ ಎರಡು ಪಟ್ಟು. ಬ್ಯಾಡ್ಮಿಂಟನ್ ಒಳ್ಳೆಯ ಆಟ, ಯೋಚಿಸಿ.

ಒಟ್ಟಾವ ಓದುಗಿ
ಅವರ ಮಾತು ಕೇಳಬೇಡಿ. ನನ್ನ ಮಗಳಿಗೆ ಚಿಕ್ಕದಾದ ಒಂದು ಜೊತೆ ನೆಲಮಾಳಿಗೆಯಲ್ಲಿದೆ. ವಾಸನೆ ಸ್ವಲ್ಪ ಜಾಸ್ತಿ, ಬಿಸಿಲಿಗೆ ಹಾಕಿದರೆ ಹೋಗುತ್ತದೆ. ಮುಂದಿನ ವಾರ ಟೊರಾಂಟೊಗೆ ಬರುತ್ತೇನೆ, ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳಿಸಿ.

ಡೊಂಕು ಸ್ಟಿಕ್
ಬಿಸಿಲು? ಜನವರಿಯಲ್ಲಿ?